ಹುಳುಕಡ್ಡಿ

ಹುಳುಕಡ್ಡಿ (ನಾಮಪದ): ಚರ್ಮದ ಮೇಲೆ ಉಂಗುರದಂತೆ ಹಬ್ಬುವ, ವಿಪರೀತ ತುರಿಸುವ ಅಂಟುರೋಗ. ಗಜಕರ್ಣ ಎಂಬ ಹೆಸರೂ ಉಂಟು.

ಪದದ ಮೊದಲ ಭಾಗ ‘ಹುಳು’, ಹಳಗನ್ನಡದಲ್ಲಿ ‘ಪುೞು’. ಇಂಗ್ಲಿಷಿನ ‘ರಿಂಗ್‌ವರ್ಮ್’ನಲ್ಲೂ ಹುಳುವಿದೆ. ವೈದ್ಯರು ಬರೆಯುವ ‘ಟೀನಿಯಾ’ಕ್ಕೆ ಲ್ಯಾಟಿನ್ನಿನಲ್ಲಿ ಬಟ್ಟೆ ಕೊರೆಯುವ ಹುಳುವೆಂದೇ ಅರ್ಥ. ಆದರೆ ಈ ರೋಗದಲ್ಲಿ ಹುಳುವೇ ಇಲ್ಲ. ಇರುವುದು ಶಿಲೀಂಧ್ರ, ಅಂದರೆ ಬೂಸ್ಟಿನ ವರ್ಗದ ಜೀವಿ. ಚರ್ಮ, ಕೂದಲು, ಉಗುರುಗಳಲ್ಲಿರುವ ಕೆರಟಿನ್ ಎಂಬ ಪ್ರೋಟೀನು ಅದರ ಆಹಾರ. ಅದು ನಡುವಿನಿಂದ ಹೊರಕ್ಕೆ ಹಬ್ಬುವುದರಿಂದ ಅಂಚು ಉಬ್ಬಿ ಹೊಟ್ಟೇಳುತ್ತದೆ, ನಡುಭಾಗ ತಿಳಿಯಾಗುತ್ತದೆ. ನೆತ್ತಿಯ ಇಂಥ ರೋಗಗಳಿಗೆ ಶಿಲೀಂಧ್ರ ಕಾರಣವೆಂದು 1840ರ ದಶಕದಲ್ಲಿ ಪ್ಯಾರಿಸ್ಸಿನ ವೈದ್ಯ ಡೇವಿಡ್ ಗ್ರೂಬಿ ತೋರಿಸಿದರು.

ಸಂಸ್ಕೃತದಲ್ಲಿ ಇದು ‘ದದ್ರು’. ಹಿಂದಿಯ ‘ದಾದ್’ ಅದರಿಂದಲೇ ಬಂದದ್ದು. ಮಳೆಗಾಲದಲ್ಲಿ ಬೇಲಿಬದಿ ಬೆಳೆಯುವ ತಗಚೆ ಗಿಡಕ್ಕೆ ‘ದದ್ರುಘ್ನ’, ಅಂದರೆ ದದ್ರುವನ್ನು ಕೊಲ್ಲುವುದು ಎಂಬ ಹೆಸರಿದೆ.

ಬಳಕೆ: “ಒಬ್ಬರ ಟವೆಲ್ಲು ಇನ್ನೊಬ್ಬರು ಬಳಸಿದರೆ ಹುಳುಕಡ್ಡಿ ಮನೆಮಂದಿಗೆಲ್ಲ ಅಂಟುತ್ತದೆ.” ಬೆಕ್ಕು, ನಾಯಿ, ಕರುಗಳಿಂದಲೂ ಹರಡುತ್ತದೆ.

ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ತಗ್ಗಿಸುತ್ತದೆ, ರೋಗವನ್ನು ಬೆಳೆಸುತ್ತದೆ. ಔಷಧಿಗೆ ಬಗ್ಗದ ಶಿಲೀಂಧ್ರಗಳು ಭಾರತದಲ್ಲಿ ಹೆಚ್ಚುತ್ತಿರುವಾಗ ಚರ್ಮವೈದ್ಯರನ್ನು ಕಾಣುವುದೇ ಸರಿ. ಕಲೆ ಮಾಯವಾದರೂ ಅವರು ಹೇಳಿದಷ್ಟು ದಿನ ಔಷಧಿ ಬಿಡಬಾರದು.