ಫ್ರೀಮಾಂಟಿನ ಕೊರೋಲಾ, ಕಾಣದೆ ಸೋರುವ ನೀರು

ಐ-880ರಲ್ಲಿ ಮಿಲ್ಪಿಟಾಸ್ ದಾಟಿ ಓಕ್‌ಲ್ಯಾಂಡ್ ಕಡೆ ಹೊರಟರೆ ಬಲಗಡೆ ಕಾಣೋ ಉದ್ದನೆಯ ಬಿಳಿ ಕಾರ್ಖಾನೆ ಟೆಸ್ಲಾದ್ದು ಅಂತ ನಿನ್ನೆ ಮೊನ್ನೆ ಬಂದವರಿಗೂ ಗೊತ್ತು. ಅದೇ ಜಾಗದಲ್ಲಿ 2010ರ ತನಕ ಟೊಯೊಟಾ ಕೊರೋಲಾ ತಯಾರಾಗುತ್ತಿತ್ತು ಅನ್ನೋದು ಈಗ ಬಹಳ ಜನಕ್ಕೆ ಮರೆತೇ ಹೋಗಿದೆ. ನಮ್ಮ ಹುಡುಗರು ಇಲ್ಲಿಗೆ ಬಂದು ಮೊದಲು ಕೊಳ್ಳೋ ಹಳೇ ಕೊರೋಲಾಗಳಲ್ಲಿ ಎಷ್ಟೋ ಗಾಡಿಗಳು, ನಾವು ದಿನಾ ಟ್ರಾಫಿಕ್ಕಿನಲ್ಲಿ ನಿಂತು ಬೈಯೋ ಜಾಗದ ಪಕ್ಕದಲ್ಲೇ ಹುಟ್ಟಿದವು. ಅನುಮಾನ ಇದ್ದರೆ ಡ್ರೈವರ್ ಕಡೆ ಗಾಜಿನ ಕೆಳಮೂಲೆಯಲ್ಲಿರೋ 17 ಅಕ್ಷರಗಳ ವಿನ್ ನಂಬರ್ ನೋಡಿ. ಹನ್ನೊಂದನೇದು ‘ಝಡ್’ ಆಗಿದ್ದರೆ ನಿಮ್ಮ ಕೊರೋಲಾ ಫ್ರೀಮಾಂಟಿನದೇ.

ಅದು ಮೊದಲು ಜನರಲ್ ಮೋಟರ್ಸ್ ಕಾರ್ಖಾನೆ. ಆಡಳಿತಕ್ಕೂ ಕೆಲಸಗಾರರಿಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಹೇಳದೆ ಕೇಳದೆ ರಜೆ ಹಾಕೋರು ಬಹಳ, ಗಾಡಿಗಳ ಗುಣಮಟ್ಟಕ್ಕೂ ಹೆಸರು ಕೆಟ್ಟಿತ್ತು. 1982ರಲ್ಲಿ ಬಾಗಿಲು ಹಾಕಿದರು. 1984ರಲ್ಲಿ ಜಿಎಂ ಮತ್ತು ಟೊಯೊಟಾ ಸೇರಿ ಅದನ್ನೇ ‘ನಮ್ಮಿ’ ಅನ್ನೋ ಹೆಸರಲ್ಲಿ ಮತ್ತೆ ತೆರೆದವು. (ನಮ್ಮ ಕಿವಿಗೆ ‘ನಮ್ಮದು’ ಅಂದ ಹಾಗೆ ಕೇಳುತ್ತೆ, ಏನು ಮಾಡೋದು.) ಸೋಮಾರಿಗಳು ಅನ್ನಿಸಿಕೊಂಡಿದ್ದ ಹಳೇ ಕೆಲಸಗಾರರನ್ನೇ ಹೆಚ್ಚಾಗಿ ಮತ್ತೆ ಕರೆದರು, ನೂರಾರು ಜನರನ್ನ ಜಪಾನಿನ ಟಕಾವೊಕಾ ಕಾರ್ಖಾನೆಗೆ ಕಳಿಸಿ ಕೆಲಸ ಕಲಿಸಿದರು. ತಪ್ಪು ಕಂಡರೆ ಯಾವ ಕೆಲಸಗಾರ ಬೇಕಾದರೂ ಹಗ್ಗ ಎಳೆದು ಮೇಲಿನವರನ್ನ ಕರೀಬಹುದು, ಸರಿಹೋಗದಿದ್ದರೆ ಲೈನೇ ನಿಲ್ಲುತ್ತಿತ್ತು. ಅದೇ ಜನ, ಅದೇ ಕಟ್ಟಡ. ಸ್ವಲ್ಪ ದಿನದಲ್ಲೇ ದೇಶದ ಒಳ್ಳೇ ಗಾಡಿಗಳ ಸಾಲಿಗೆ ಇಲ್ಲಿನವೂ ಸೇರಿದವು. ಇದನ್ನ ಓದಿದಾಗೆಲ್ಲ ನನಗೆ ಸಂತೋಷ ಆಗುತ್ತೆ. ಕೆಲಸಗಾರನನ್ನ ದೂರೋದು ಸುಲಭ ನೋಡಿ.

ಟೊಯೊಟಾದವರ ಇನ್ನೊಂದು ಪಾಠ ‘ಐದು ಸಲ ಯಾಕೆ ಅಂತ ಕೇಳು’ ಅನ್ನೋದು. ಅವರ ಉತ್ಪಾದನಾ ಪದ್ಧತಿ ರೂಪಿಸಿದ ತೈಇಚಿ ಓನೊ 1978ರ ತಮ್ಮ ಪುಸ್ತಕದಲ್ಲಿ ಕೊಡೋ ಉದಾಹರಣೆ ಒಂದು ಪಂಪಿನದೇ. ಯಂತ್ರ ಯಾಕೆ ನಿಂತಿತು? ಭಾರ ಹೆಚ್ಚಾಗಿ ಫ್ಯೂಸ್ ಹೋಯಿತು. ಭಾರ ಯಾಕೆ? ಬೇರಿಂಗಿಗೆ ಎಣ್ಣೆ ಸಾಲದು. ಅದ್ಯಾಕೆ? ಎಣ್ಣೆ ಪಂಪು ಸರಿಯಾಗಿ ಎತ್ತುತ್ತಿಲ್ಲ. ಅದ್ಯಾಕೆ? ಪಂಪಿನ ಶಾಫ್ಟು ಸವೆದಿದೆ. ಅದ್ಯಾಕೆ? ಜರಡಿ ಇಲ್ಲದೆ ಲೋಹದ ಪುಡಿ ಒಳಗೆ ಹೋಗಿದೆ. ಬರೀ ಫ್ಯೂಸ್ ಬದಲಾಯಿಸಿದ್ದರೆ ತಿಂಗಳೊಳಗೆ ಮತ್ತೆ ಅದೇ ಕಥೆ. ರೇಡಿಯೇಟರಿಗೆ ನೀರು ತುಂಬಿಸುತ್ತಾ ಗಾಡಿ ಓಡಿಸೋರು ಮಾಡೋದು ಈ ಫ್ಯೂಸ್ ಬದಲಾಯಿಸೋ ಕೆಲಸವನ್ನೇ.

ಹಾಗೆ ನೀರು ತುಂಬಿಸೋ ಅಭ್ಯಾಸಕ್ಕೂ ಒಂದು ಇತಿಹಾಸ ಇದೆ. 1886ರ ಕಾರ್ಲ್ ಬೆಂಜ್ ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗೋದೇ ತಣ್ಣಗಾಗೋ ವಿಧಾನ. ದಾರಿಯುದ್ದಕ್ಕೂ ನೀರು ಹಾಕ್ತಾನೇ ಇರಬೇಕು. 1900ರ ಹೊತ್ತಿಗೆ ಮೇಬಾಕ್ ಅನ್ನೋ ಎಂಜಿನಿಯರು ಎಂಟು ಸಾವಿರಕ್ಕೂ ಹೆಚ್ಚು ಸಣ್ಣ ಕೊಳವೆ ಜೋಡಿಸಿ ಜೇನುಗೂಡಿನಂಥ ರೇಡಿಯೇಟರ್ ಮಾಡಿದ, ಅದೇ ನೀರು ಸುತ್ತಿ ಸುತ್ತಿ ಬರೋ ಹಾಗಾಯಿತು. ಫೋರ್ಡ್ ಮಾಡೆಲ್ ಟಿಯಲ್ಲಂತೂ ಬಹುಪಾಲು ಗಾಡಿಗಳಿಗೆ ನೀರಿನ ಪಂಪೇ ಇರಲಿಲ್ಲ: ಬಿಸಿನೀರು ತಾನೇ ಮೇಲೇರುತ್ತೆ, ತಣ್ಣೀರು ಕೆಳಗಿಳಿಯುತ್ತೆ, ಅಷ್ಟೇ. ಏರು ಹತ್ತಿದರೆ ಕುದೀತಿತ್ತು. ನಮ್ಮ ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಬಾನೆಟ್ ಎತ್ತಿ, ಕ್ಯಾನಿನಲ್ಲಿ ಹಳ್ಳದ ನೀರು ತಂದು ಸುರೀತಿದ್ದ ಲಾರಿ, ಅಂಬಾಸಿಡರ್ ಡ್ರೈವರುಗಳನ್ನ ನೋಡಿದವರಿಗೆ ಇದು ಹೊಸದಲ್ಲ. ಲಾಸ್ ಏಂಜಲೀಸ್‌ಗೆ ಹೋಗೋವಾಗ ಗ್ರೇಪ್‌ವೈನ್ ಏರಿನಲ್ಲಿ ಸಿಗೋ ರೇಡಿಯೇಟರ್ ನೀರಿನ ಬೋರ್ಡುಗಳೂ ಅದೇ ಕಾಲದ ನೆನಪು.

1927ರಲ್ಲಿ ಪ್ರೆಸ್ಟೋನ್ ಹೆಸರಿನಲ್ಲಿ ಎಥಿಲೀನ್ ಗ್ಲೈಕಾಲ್ ಮಾರಾಟಕ್ಕೆ ಬಂತು. ಅದಕ್ಕೂ ಮುಂಚೆ ಚಳಿಗಾಲಕ್ಕೆ ಹಾಕುತ್ತಿದ್ದ ಆಲ್ಕೋಹಾಲ್ ಬೇಗ ಆರಿ ಹೋಗುತ್ತಿತ್ತು, ಇದು ಉಳೀತದೆ. ನೀರು ಅರ್ಧ, ಗ್ಲೈಕಾಲ್ ಅರ್ಧ ಬೆರೆಸಿದರೆ ಸೊನ್ನೆಗಿಂತ 35 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೆಪ್ಪುಗಟ್ಟಲ್ಲ. ಆಮೇಲೆ ಬಂದದ್ದು ಒತ್ತಡ ಹಿಡಿದಿಡೋ ಮುಚ್ಚಳ. ಸುಮಾರು 15 ಪಿಎಸ್‌ಐ ಒತ್ತಡದಲ್ಲಿ ಈ ಮಿಶ್ರಣ ಕುದಿಯೋದು 125 ಡಿಗ್ರಿ ದಾಟಿದ ಮೇಲೆ. ಅಮ್ಮನ ಕುಕ್ಕರಿನ ತತ್ವವೇ. ಇದರಿಂದ ಅನುಕೂಲ ಬಹಳ ಆಯಿತು, ಜೊತೆಗೆ ಒಂದು ತೊಂದರೆಯೂ ಬಂತು: ಸೋರಿಕೆ ಕಣ್ಣಿಗೆ ಬೀಳೋದು ಕಮ್ಮಿಯಾಯಿತು. ಎಂಜಿನ್ ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಸೋರುತ್ತೆ, ಸೋರಿದ್ದು ಬಿಸಿ ಲೋಹದ ಮೇಲೇ ಆರಿ ಹೋಗುತ್ತೆ. ಬೆಳಗ್ಗೆ ಕೆಳಗೆ ಬಗ್ಗಿ ನೋಡಿದರೆ ನೆಲ ಒಣಗಿರುತ್ತೆ.

ತಿಪಟೂರಿನ ಹುಡುಗನೊಬ್ಬ, ಕಾಂಟ್ರ್ಯಾಕ್ಟ್ ಕೆಲಸದವನು, ನನ್ನ ಹತ್ರ ಬಂದಾಗ ಹೇಳಿದ್ದೂ ಇದನ್ನೇ. “ಅಣ್ಣಾ, ವಾರಕ್ಕೊಂದ್ಸಲ ನೀರು ಹಾಕ್ತಿದೀನಿ. ಕೆಳಗೆ ಒಂದು ಹನೀನೂ ಬಿದ್ದಿಲ್ಲ, ಎಲ್ಲಿಗೆ ಹೋಗ್ತಿದೆ?” 2004ರ ಕೊರೋಲಾ, ಕೊಂಡಿದ್ದು 3,200 ಡಾಲರಿಗೆ. ಒಂದು ಗ್ಯಾರೇಜಿನವರು ನೋಡಿ ಹೆಡ್ ಗ್ಯಾಸ್ಕೆಟ್ ಹೋಗಿದೆ, 2,400 ಆಗುತ್ತೆ ಅಂದಿದ್ದರು. ಅವನ ಪ್ರಾಜೆಕ್ಟ್ ಆ ತಿಂಗಳು ಮುಗಿಯೋದರಲ್ಲಿತ್ತು. ಇನ್ನೊಂದು ಸಿಗೋ ತನಕ ವೀಸಾ ಚಿಂತೆ ಬೇರೆ, ಗಾಡಿ ಇಲ್ಲದೆ ಇಂಟರ್‌ವ್ಯೂಗೆ ಹೋಗೋ ಹಾಗೂ ಇಲ್ಲ. “ಗಾಡಿ ಮಾರಿಬಿಡ್ಲಾ?” ಅಂದ. “ತಡಿಯೋ, ಮೊದ್ಲು ಎಲ್ಲಿ ಸೋರ್ತಿದೆ ನೋಡಣ” ಅಂದೆ.

ಆಟೋ ಪಾರ್ಟ್ಸ್ ಅಂಗಡಿಗಳಲ್ಲಿ ಡಿಪಾಸಿಟ್ ಇಟ್ಟರೆ ಪ್ರೆಶರ್ ಟೆಸ್ಟರ್ ಎರವಲು ಕೊಡುತ್ತಾರೆ. ಎಂಜಿನ್ ಪೂರ್ತಿ ತಣ್ಣಗಿರುವಾಗ (ಬಿಸಿ ಇರುವಾಗ ಮುಚ್ಚಳ ಮುಟ್ಟಲೇಬೇಡಿ, ಮುಖ ಸುಟ್ಟು ಹೋಗುತ್ತೆ) ಮುಚ್ಚಳದ ಜಾಗಕ್ಕೆ ಅದನ್ನ ಸಿಕ್ಕಿಸಿ, ಮುಚ್ಚಳದ ಮೇಲೆ ಬರೆದಿರೋ ಒತ್ತಡದ ತನಕ ಕೈಯಲ್ಲಿ ಪಂಪ್ ಹೊಡೀಬೇಕು. ಅದಕ್ಕಿಂತ ಜಾಸ್ತಿ ಬೇಡ. ಮುಳ್ಳು ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಈಗ ಎಂಜಿನ್ ತಣ್ಣಗಿರೋದರಿಂದ ಸೋರಿದ್ದು ಆರೋದಿಲ್ಲ, ಟಾರ್ಚ್ ಹಿಡಿದು ಹುಡುಕಬಹುದು. ಹೋಸ್ ತುದಿಗಳು, ರೇಡಿಯೇಟರಿನ ಪ್ಲಾಸ್ಟಿಕ್ಕೂ ಅಲ್ಯೂಮಿನಿಯಮ್ಮೂ ಸೇರೋ ಅಂಚು, ವಾಟರ್ ಪಂಪಿನ ಕೆಳಗಿರೋ ಸಣ್ಣ ತೂತು. ಪಕ್ಕದ ಸೀಟಿನ ಕಾಲಡಿ ಕಾರ್ಪೆಟ್ ಒದ್ದೆಯಾಗಿದ್ದು, ಒಳಗೆ ಸಿಹಿ ವಾಸನೆ ಬಂದು ಗಾಜು ಮಂಜಾಗುತ್ತಿದ್ದರೆ ಹೀಟರ್ ಕೋರ್ ಮೇಲೆ ಅನುಮಾನ ಪಡಿ. ಹೆಡ್ ಗ್ಯಾಸ್ಕೆಟಿಗೆ ಬೇರೆ ಪರೀಕ್ಷೆ ಇದೆ: ರೇಡಿಯೇಟರ್ ಬಾಯಿಯ ಗಾಳಿಯನ್ನ ನೀಲಿ ದ್ರವದ ಮೂಲಕ ಎಳೆದರೆ, ಎಂಜಿನ್ ಹೊಗೆ ಸೇರಿದ್ದಲ್ಲಿ ದ್ರವ ಹಳದಿಯಾಗುತ್ತೆ.

ಅವನ ಗಾಡಿಯಲ್ಲಿ ನೀಲಿ ನೀಲಿಯಾಗೇ ಉಳೀತು. ಟೆಸ್ಟರಿನ ಮುಳ್ಳು ಮಾತ್ರ ನಿಧಾನವಾಗಿ ಇಳೀತು, ಐದಾರು ನಿಮಿಷದಲ್ಲಿ ವಾಟರ್ ಪಂಪಿನ ತೂತಿನಿಂದ ಗುಲಾಬಿ ಬಣ್ಣದ ಹನಿ ಬಂತು. ಸುತ್ತ ಅದೇ ಬಣ್ಣದ ಒಣ ಹೊಪ್ಪಳೆ. ಸರಿ, ಪಂಪು ಯಾಕೆ ಸೋರುತ್ತೆ? ಶಾಫ್ಟಿನ ಸೀಲ್ ಸವೆದಿದೆ. ಸೀಲ್ ಯಾಕೆ ಸವೆಯಿತು? ವಯಸ್ಸಂತೂ ಆಗಿದೆ, ಜೊತೆಗೆ ರೇಡಿಯೇಟರ್ ಬಾಯಿಯ ಒಳಗೆ ಬೆರಳಾಡಿಸಿದರೆ ಬಿಳೀ ಪುಡಿ ಬಂತು. ಹಿಂದಿನ ಮಾಲೀಕರು ವರ್ಷಗಟ್ಟಲೆ ನಲ್ಲಿ ನೀರು ಸುರಿದಿರಬೇಕು. ನಲ್ಲಿ ನೀರಿನ ಖನಿಜ ಒಳಗೆ ಕೂರುತ್ತೆ, ಕೂಲಂಟಿನಲ್ಲಿರೋ ತುಕ್ಕು ತಡೆಯೋ ಅಂಶವೂ ತೆಳುವಾಗುತ್ತೆ. ಆದ್ದರಿಂದ ಬರೀ ಪಂಪು ಬದಲಾಯಿಸದೆ, ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ ತೊಳೆದು, ಟೊಯೊಟಾಗೆ ಹೊಂದೋ ಕೂಲಂಟ್ ಹಾಕಿದೆವು. ಒಂದು ಶನಿವಾರ ಪೂರ್ತಿ ಹಿಡೀತು, ಒಟ್ಟು ಖರ್ಚು 140 ಡಾಲರ್.

ಹಳೇ ಕೂಲಂಟನ್ನ ಮಾತ್ರ ರಸ್ತೆ ಚರಂಡಿಗೆ ಚೆಲ್ಲಬೇಡಿ, ಅದು ನೇರ ಬೇಗೆ ಹೋಗುತ್ತೆ. ಅದರ ಸಿಹಿಗೆ ನಾಯಿಗಳು ನೆಕ್ಕಿ ಸಾಯುತ್ತವೆ ಅಂತಲೇ ಅದಕ್ಕೆ ಕಹಿ ಬೆರೆಸಬೇಕು ಅನ್ನೋ ಕಾನೂನನ್ನ ಕ್ಯಾಲಿಫೋರ್ನಿಯಾ 2002ರಲ್ಲಿ ತಂದಿತು. ಡಬ್ಬಕ್ಕೆ ತುಂಬಿ ಕೌಂಟಿಯ ಅಪಾಯಕಾರಿ ಕಸದ ಕೇಂದ್ರಕ್ಕೆ ಕೊಡಿ.

2009ರಲ್ಲಿ ಜಿಎಂ ನಮ್ಮಿಯಿಂದ ಹಿಂದೆ ಸರಿಯಿತು. 2010ರ ಏಪ್ರಿಲ್ 1ರಂದು ಕೊನೆಯ ಗಾಡಿ ಹೊರಬಂತು, ಅದೊಂದು ಕೆಂಪು ಕೊರೋಲಾ. ಸುಮಾರು 4,700 ಜನ ಕೆಲಸ ಕಳಕೊಂಡರು. ಅಷ್ಟು ಹೊತ್ತಿಗೆ ನಮ್ಮ ಬಿಡದಿಯಲ್ಲಿ ಟೊಯೊಟಾ ಹತ್ತು ವರ್ಷ ಪೂರೈಸಿತ್ತು. ಇಲ್ಲಿ ಟೆಸ್ಲಾ ಬಂತು, ಎಂಜಿನ್ನೇ ಇಲ್ಲದ ಗಾಡಿ. ಅದರ ಬ್ಯಾಟರಿ ತಣ್ಣಗಿಡೋಕೂ ಒಳಗೆ ಹರಿಯೋದು ಗ್ಲೈಕಾಲ್ ಬೆರೆಸಿದ ನೀರೇ. ತಿಪಟೂರಿನ ಹುಡುಗನಿಗೆ ಆರನೇ ವಾರಕ್ಕೆ ಹೊಸ ಪ್ರಾಜೆಕ್ಟ್ ಸಿಕ್ಕಿತು, ಪ್ಲೆಸೆಂಟನ್‌ನಲ್ಲಿ. ದಿನಾ ಸುನೋಲ್ ಏರು ಹತ್ತಿ ಅದೇ ಕೊರೋಲಾದಲ್ಲಿ ಹೋಗಿ ಬರ್ತಾನೆ.