ಗೇರಿನ ನಾಲ್ಕು ಅಕ್ಷರಗಳ ಹಿಂದಿನ ಕಥೆ

ಕೊಳ್ಳ ಹರಿದು ಎತ್ತು ಬಿಟ್ಟ ಚಕ್ಕಡಿ ಇಳಿಜಾರಿನಲ್ಲಿದ್ದರೆ ಗಾಲಿಗೆ ಕಲ್ಲು ಕೊಡಬೇಕು ಎಂಬುದನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದೇ ಸೀಮೆಯ ರಸ್ತೆಗಳಲ್ಲಿ ಈಗ ಕ್ಲಚ್ಚಿಲ್ಲದ ಆಟೊಮ್ಯಾಟಿಕ್ ಕಾರುಗಳೂ ಓಡಾಡುತ್ತಿವೆ. ಅವುಗಳ ಗೇರಿನ ಪಕ್ಕದಲ್ಲಿ ಸಾಮಾನ್ಯವಾಗಿ ಕಾಣುವುದು ಪಿ, ಆರ್, ಎನ್, ಡಿ ಎಂಬ ಇಂಗ್ಲಿಷ್ ಅಕ್ಷರಗಳು. ಅವು ಇದೇ ಕ್ರಮದಲ್ಲಿ ಏಕೆ ನಿಂತವು ಎಂಬುದಕ್ಕೆ ಒಂದು ಇತಿಹಾಸವೇ ಇದೆ.

ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ ತನ್ನ 1940ರ ಮಾದರಿಯ ಓಲ್ಡ್ಸ್‌ಮೊಬಿಲ್ ಕಾರಿನಲ್ಲಿ 'ಹೈಡ್ರಾಮ್ಯಾಟಿಕ್' ಎಂಬ ಸ್ವಯಂಚಾಲಿತ ಗೇರ್ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಮುಂದೆ ಒಂದೊಂದು ಕಂಪನಿಯದು ಒಂದೊಂದು ಕ್ರಮವಾಯಿತು. ಕೆಲವು ಕಾರುಗಳಲ್ಲಿ ಮುಂದೆ ಹೋಗುವ ಕೊನೆಯ ಗೇರಿಗೆ ಅಂಟಿಕೊಂಡೇ ಹಿಂದೆ ಹೋಗುವ ಗೇರು ಇತ್ತು. ಕೈ ತುಸು ಜಾರಿದರೆ ಮುಂದೆ ಹೋಗಬೇಕಾದ ಕಾರು ಹಿಂದೆ ನುಗ್ಗುತ್ತಿತ್ತು. ರಾಲ್ಫ್ ನೇಡರ್ 1965ರ ತಮ್ಮ ಪುಸ್ತಕದಲ್ಲಿ ಈ ಅಪಾಯವನ್ನು ಎತ್ತಿ ತೋರಿಸಿದರು. 1968ರಲ್ಲಿ ಜಾರಿಗೆ ಬಂದ ಅಮೆರಿಕದ ಸುರಕ್ಷತಾ ನಿಯಮವು ಮುಂದಿನ ಹಾಗೂ ಹಿಂದಿನ ಗೇರುಗಳ ನಡುವೆ ನ್ಯೂಟ್ರಲ್ ಇರಲೇಬೇಕೆಂದು ವಿಧಿಸಿತು. ಎರಡು ಹೊಲಗಳ ನಡುವೆ ಬದುವಿದ್ದ ಹಾಗೆ ಆರ್ ಮತ್ತು ಡಿ ನಡುವೆ ಎನ್ ನಿಂತಿತು.

ಡಿ ಎಂದರೆ ಡ್ರೈವ್. ವೇಗಕ್ಕೆ ತಕ್ಕ ಗೇರನ್ನು ಕಾರೇ ಆರಿಸಿಕೊಳ್ಳುತ್ತದೆ. ಆರ್ ಎಂದರೆ ರಿವರ್ಸ್, ಹಿಮ್ಮುಖ ಚಲನೆ. ಎನ್ ಎಂದರೆ ನ್ಯೂಟ್ರಲ್. ಎಂಜಿನ್ನಿಗೂ ಗಾಲಿಗೂ ಸಂಬಂಧ ಕಡಿದ ಸ್ಥಿತಿ, ಥೇಟ್ ಕೊಳ್ಳ ಹರಿದ ಚಕ್ಕಡಿ. ಪಿ ಎಂದರೆ ಪಾರ್ಕ್. ಗೇರ್ ಪೆಟ್ಟಿಗೆಯೊಳಗಿನ ಹಲ್ಲುಚಕ್ರದ ಸಂದಿಗೆ ಕಬ್ಬಿಣದ ಸಣ್ಣ ನಾಲಿಗೆಯೊಂದು ಬಿದ್ದು ಗಾಲಿ ಉರುಳದಂತೆ ತಡೆಯುತ್ತದೆ. ಗಾಲಿಗೆ ಕೊಟ್ಟ ಕಲ್ಲಿನ ಕೆಲಸವನ್ನು ಈ ನಾಲಿಗೆ ಮಾಡುತ್ತದೆ. ಕಾರಿನ ಭಾರವೆಲ್ಲ ಅದರ ಮೇಲೆಯೇ ಬೀಳಬಾರದು. ಆದ್ದರಿಂದ ಕಾರು ಪೂರ್ತಿ ನಿಂತ ಮೇಲೆ ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ನಂತರ ಪಿಗೆ ಹಾಕುವುದು ಒಳ್ಳೆಯದು.

ನಮ್ಮಲ್ಲಿ ಕತೆ ಬೇರೆ ತಿರುವು ಪಡೆಯಿತು. ಆಟೊಮ್ಯಾಟಿಕ್ ಎಂದರೆ ದುಬಾರಿ ಎಂಬ ಮಾತನ್ನು 2014ರಲ್ಲಿ ಬಂದ ಮಾರುತಿ ಸುಜುಕಿ ಸೆಲೆರಿಯೊ ಬದಲಿಸಿತು. ಅದರಲ್ಲಿರುವುದು ಕೈಯಿಂದ ಬದಲಿಸುವ ಹಳೆಯ ಬಗೆಯ ಗೇರ್ ಪೆಟ್ಟಿಗೆಯೇ. ಕ್ಲಚ್ ಒತ್ತುವ, ಗೇರು ಬದಲಿಸುವ ಕೆಲಸವನ್ನು ಮಾತ್ರ ಯಂತ್ರ ವಹಿಸಿಕೊಂಡಿದೆ. ಎಎಂಟಿ ಎಂದು ಕರೆಯುವ ಈ ಬಗೆಯ ಕಾರುಗಳಲ್ಲಿ ಆರ್, ಎನ್, ಡಿ ಮತ್ತು ಚಾಲಕನೇ ಗೇರು ಆರಿಸುವ ಎಂ ಇರುತ್ತವೆ. ಸಾಮಾನ್ಯವಾಗಿ ಪಿ ಇರುವುದಿಲ್ಲ.

ಎಚ್ಚರ ಬೇಕಾದುದು ಇಲ್ಲಿಯೇ. ಆಟೊಮ್ಯಾಟಿಕ್ ಅಲ್ಲವೇ, ತಾನೇ ನಿಲ್ಲುತ್ತದೆ ಎಂದು ನಂಬಿ, ಎನ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆಯದೆ ಇಳಿದು ಹೋದರೆ, ಇಳಿಜಾರಿನಲ್ಲಿ ಕಾರು ತಾನಾಗಿ ಉರುಳುತ್ತದೆ. ಮುಂದೆ ಆಡುವ ಮಕ್ಕಳಿರಬಹುದು, ಸಂತೆಗೆ ಬಂದ ಜನರಿರಬಹುದು. ಎಎಂಟಿ ಕಾರನ್ನು ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿಕೊಂಡೇ ಏರುಮುಖವಾಗಿದ್ದರೆ ಡಿ, ಇಳಿಮುಖವಾಗಿದ್ದರೆ ಆರ್ ಹಾಕಿ ಎಂಜಿನ್ ಆರಿಸಬೇಕು. ಆಗ ಎಂಜಿನ್ನೇ ಗಾಲಿಗಳನ್ನು ಹಿಡಿದಿಡುತ್ತದೆ.

ಹೊಸ ಕಾರು ಕೊಳ್ಳುವವರು ಬಣ್ಣ, ಬೆಲೆ, ಮೈಲೇಜು ವಿಚಾರಿಸುವುದು ವಾಡಿಕೆ. ಜೊತೆಗೆ ಗೇರಿನ ಪಕ್ಕದಲ್ಲಿ ಪಿ ಇದೆಯೋ ಇಲ್ಲವೋ ಎಂದೂ ಒಮ್ಮೆ ನೋಡಿಕೊಳ್ಳುವುದು ಲೇಸು.