ಎರಡಕ್ಷರದ ಹಿಂದಿದ್ದ ಹೆಣ್ಣುಮಗಳು

ಬ್ಯಾಂಕಿನ ಲೆಡ್ಜರಿನಲ್ಲಿ ಪ್ರತಿ ನಮೂದಿನ ಪಕ್ಕಕ್ಕೆ ಗುಮಾಸ್ತರಾದ ನಾವು ಎರಡಕ್ಷರದ ಇನಿಶಿಯಲ್ ಹಾಕುತ್ತಿದ್ದೆವು. ಹಾಕಿದವನು ನಿವೃತ್ತನಾಗಿ ಹತ್ತು ವರ್ಷ ಕಳೆದರೆ ಸಾಕು, ಅದು ಯಾರ ಕೈ ಎಂದು ಹೇಳುವವರಿರುವುದಿಲ್ಲ. ಛಾಯಾಚಿತ್ರದ ಚರಿತ್ರೆಯಲ್ಲೂ ಇಂಥದೇ ಒಂದು ಪ್ರಸಂಗ ನಡೆದಿದೆ. ಅದನ್ನು ತಮಗೆ ಹೇಳಬೇಕು.

ಆ್ಯನಾ ಅಟ್ಕಿನ್ಸ್ ಹುಟ್ಟಿದ್ದು 1799ರಲ್ಲಿ, ಇಂಗ್ಲೆಂಡಿನ ಕೆಂಟ್ ಪ್ರಾಂತದ ಟನ್‌ಬ್ರಿಜ್‌ನಲ್ಲಿ. ಎಳವೆಯಲ್ಲೇ ತಾಯಿ ತೀರಿಕೊಂಡರು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ತಂದೆ ಜಾನ್ ಜಾರ್ಜ್ ಚಿಲ್ಡ್ರನ್ ಮಗಳಿಗೆ ವಿಜ್ಞಾನದ ರುಚಿ ಹತ್ತಿಸಿದರು. ತಂದೆ ಅನುವಾದಿಸಿದ ಚಿಪ್ಪುಗಳ ಗ್ರಂಥಕ್ಕೆ ಮಗಳೇ ಚಿತ್ರ ಬರೆದಳು. ಆದರೆ ಕಡಲಪಾಚಿಯ ವಿಷಯಕ್ಕೆ ಬಂದಾಗ ಕುಂಚ ಸೋತಿತು. ಕೂದಲೆಳೆಯಂಥ ಆ ಸಸ್ಯವನ್ನು ಇದ್ದಂತೆಯೇ ಬರೆಯುವುದು ಹೇಗೆ?

ದಾರಿ ತೋರಿಸಿದ್ದು ತಂದೆಯ ಸ್ನೇಹಿತ ಸರ್ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಸಯನೋಟೈಪ್ ವಿಧಾನ. ಕಬ್ಬಿಣದ ಲವಣಗಳನ್ನು ಕಾಗದಕ್ಕೆ ಸವರಿ ಕತ್ತಲಲ್ಲಿ ಒಣಗಿಸಬೇಕು. ಮೇಲೆ ಪಾಚಿಯಿಟ್ಟು, ಗಾಜು ಒತ್ತಿ, ಬಿಸಿಲಿಗಿಡಬೇಕು. ಆಮೇಲೆ ಬರಿಯ ನೀರಿನಲ್ಲಿ ತೊಳೆದರಾಯಿತು. ಬಿಸಿಲು ಬಿದ್ದಲ್ಲಿ ಗಾಢ ನೀಲಿ, ಪಾಚಿ ತಡೆದಲ್ಲಿ ಬಿಳುಪು. ಕ್ಯಾಮೆರಾ ಬೇಕಿಲ್ಲ, ಮಸೂರ ಬೇಕಿಲ್ಲ. ಎಸಳು ತೀರ ತೆಳುವಾಗಿದ್ದಲ್ಲಿ ಮಾತ್ರ ತಿಳಿನೀಲಿ ಇಣುಕುತ್ತದೆ. ಉಳಿದದ್ದೆಲ್ಲ ನೀಲಿಗೂ ಬಿಳಿಗೂ ನೇರ ಎದುರುಬದುರು. ಆ ಕಟುವಾದ ವ್ಯತ್ಯಾಸದಿಂದಲೇ ಪಾಚಿಯ ಒಂದೊಂದು ಕವಲೂ ಎದ್ದು ಕಾಣುತ್ತದೆ.

1843ರ ಅಕ್ಟೋಬರಿನಲ್ಲಿ ಆಕೆ ‘ಬ್ರಿಟಿಷ್ ಪಾಚಿಗಳ ಛಾಯಾಚಿತ್ರಗಳು’ ಎಂಬ ಅರ್ಥದ ಹೆಸರಿನ ತನ್ನ ಪುಸ್ತಕದ ಮೊದಲ ಕಂತನ್ನು ಹೊರತಂದಳು. ಟಾಲ್ಬಟ್‌ನ ಪ್ರಸಿದ್ಧ ಛಾಯಾಚಿತ್ರ ಗ್ರಂಥ ‘ದಿ ಪೆನ್ಸಿಲ್ ಆಫ್ ನೇಚರ್’ ಬರತೊಡಗಿದ್ದು 1844ರಲ್ಲಿ. ಅಟ್ಕಿನ್ಸಳ ಪುಸ್ತಕದಲ್ಲಿ ಅಚ್ಚಿನ ಮೊಳೆಗೂ ಕೆಲಸವಿರಲಿಲ್ಲ. ಬೆಳಕು ಹಾಯುವ ಕಾಗದದ ಮೇಲೆ ಕೈಬರಹದಲ್ಲಿ ಬರೆದು, ಅದನ್ನೂ ಬಿಸಿಲಿನಿಂದಲೇ ಅಚ್ಚೊತ್ತಿದಳು. ಹತ್ತು ವರ್ಷ ದುಡಿದು 1853ರಲ್ಲಿ ಮುಗಿಸಿದಳು. ಸುಮಾರು ನಾಲ್ಕುನೂರು ಪುಟ. ಪ್ರತಿ ಪ್ರತಿಯ ಪ್ರತಿ ಪುಟವೂ ಬೇರೆಬೇರೆಯಾಗಿ ಬಿಸಿಲು ಕಂಡದ್ದು. ಮಾರಲಿಲ್ಲ, ಸ್ನೇಹಿತರಿಗೂ ಸಂಸ್ಥೆಗಳಿಗೂ ಕಂತುಕಂತಾಗಿ ಕಳಿಸಿದಳು. ಪಡೆದವರೇ ಹೊಲಿಸಿ ರಟ್ಟು ಹಾಕಿಸಿಕೊಂಡರು. ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ಇಂದು ತಿಳಿದಿರುವ ಪ್ರತಿಗಳು ಕೆಲವೇ. ಹರ್ಷೆಲ್‌ಗೆ ಕೊಟ್ಟದ್ದು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿದೆ.

ಇಷ್ಟೆಲ್ಲ ಮಾಡಿದಾಕೆ ಮುನ್ನುಡಿಯ ಕೆಳಗೆ ಬರೆದದ್ದು ‘ಎ. ಎ.’ ಎಂದಷ್ಟೆ. 1871ರಲ್ಲಿ ತೀರಿಕೊಂಡಳು. ಮುಂದೆ ಪುಸ್ತಕ ಕಂಡ ಸಂಗ್ರಾಹಕನೊಬ್ಬ ಆ ಅಕ್ಷರಗಳನ್ನು ‘ಅನಾನಿಮಸ್ ಅಮೆಚೂರ್’, ಅಂದರೆ ಹೆಸರಿಲ್ಲದ ಹವ್ಯಾಸಿ ಎಂದು ಬಿಡಿಸಿದ! ಹೆಸರು ತಿಳಿದ ಮೇಲೂ ಆಕೆಗೆ ಸಲ್ಲಬೇಕಾದ ಸ್ಥಾನ ಸಲ್ಲಲು ಬಹಳ ಕಾಲ ಹಿಡಿಯಿತು. ಚರಿತ್ರಕಾರ ಲ್ಯಾರಿ ಶಾಫ್ 1985ರಲ್ಲಿ ಆಕೆಯ ಮೇಲೆ ಒಂದು ಪುಸ್ತಕವನ್ನೇ ಬರೆದರು.

ನಮ್ಮ ಗಡಿನಾಡಿನ ಮನೆಗಳ ಟ್ರಂಕುಗಳಲ್ಲೂ ಹೆಂಗಸರು ಕೈಯಾರೆ ಬರೆದು, ಸೂಜಿದಾರದಲ್ಲಿ ಹೊಲಿದ ಹಾಡಿನ ಪುಸ್ತಕಗಳಿವೆ. ಮೊದಲ ಪುಟದಲ್ಲಿ ದೇವರ ಹೆಸರಿರುತ್ತದೆ, ಬರೆದವಳದು ಇರುವುದಿಲ್ಲ. ಗುರುತು ಹೇಳುವ ಹಿರಿಯರು ಇನ್ನೂ ಇದ್ದರೆ ಇವತ್ತೇ ಕೇಳಿ. ಪುಟದ ಮೂಲೆಯಲ್ಲಿ ಪೂರ್ತಿ ಹೆಸರು ಬರೆದಿಡಿ, ಎರಡಕ್ಷರ ಸಾಲದು.